ಕಟಮರಾನ್ ಮೇಲೆ ಸೋಲಾರ್ ಪ್ಯಾನೆಲ್: ‘ಅಳವಡಿಸು’ ಒಂದೇ ಸಾಕೇ?

ಗೆಳೆಯರೇ,

ತಿಂಗಳುಗಟ್ಟಲೆ ಕಡಲಲ್ಲೇ ವಾಸ ಮಾಡುವವರ ಹಾಯಿದೋಣಿಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಈಗ ಸೋಲಾರ್ ಪ್ಯಾನೆಲ್ ಭಾಗಕ್ಕೆ ಬಂದಿದ್ದೇನೆ. ಪತ್ರಿಕೆಗಳಲ್ಲಿ ನಾವು ಎಲ್ಲದಕ್ಕೂ ‘ಅಳವಡಿಸು’ ಎಂದೇ ಬರೆಯುತ್ತೇವೆ. ಮನೆಯ ತಾರಸಿಗಾದರೆ ಅದು ನಡೆಯುತ್ತದೆ. ದೋಣಿಗೆ ಆ ಒಂದೇ ಪದ ಸಾಲದು ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಕಡೆ ಏನನ್ನುತ್ತಾರೆ ತಿಳಿಸಿ.

ಮೊದಲು ದೋಣಿಯ ಹೆಸರು. ಎರಡು ಒಡಲು, ನಡುವೆ ಸೇರಿಸುವ ಅಟ್ಟ, ಅದರ ಮೇಲೆ ಕೋಣೆ, ಕೂವೆಮರ (ಹಾಯಿ ಕಟ್ಟುವ ಕಂಬ), ಹಾಯಿ. ಇದು ಕಟಮರಾನ್. ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು, ನಿಜ. ಆದರೆ ಕಟ್ಟುಮರ ಅಂದರೆ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದು ಮಾಡಿದ್ದು. ಅದಕ್ಕೆ ಟೊಳ್ಳಾದ ಒಡಲೇ ಇಲ್ಲ. ಕರಾವಳಿಯ ‘ಜಂಗಲ್’ ಹತ್ತಿರ ಬರುತ್ತದೆ, ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಆದರೆ ಅದು ಹೊಳೆ ದಾಟಿಸುವುದು ಅಂತಲೇ ಜನ ತಿಳಿಯುತ್ತಾರೆ. ಹಾಗಾಗಿ ಕಟಮರಾನ್ ಅಂತಲೇ ಇಟ್ಟುಕೊಂಡಿದ್ದೇನೆ. ಇದರಲ್ಲಿ ನನಗೆ ಹೆಚ್ಚು ತಕರಾರಿಲ್ಲ.

ತಕರಾರು ಇರುವುದು ಕ್ರಿಯಾಪದದಲ್ಲಿ. ಕೇರಳದ ವೈಕಂನಿಂದ ತವಣಕ್ಕಡವಿಗೆ ಹೋಗುವ ‘ಆದಿತ್ಯ’ ನೋಡಿ. 2017ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಸೋಲಾರ್ ಬೋಟ್, 75 ಜನ ಕೂರಬಹುದು. ಅದೂ ಎರಡೊಡಲಿನದೇ. ಹಾಯಿ ಇಲ್ಲ, ಕೂವೆಮರ ಇಲ್ಲ, ಮಾಡು (ಚಾವಣಿ) ಪೂರ್ತಿ ಖಾಲಿ. ಆ ಮಾಡಿನ ಉದ್ದಕ್ಕೂ ಪ್ಯಾನೆಲ್ ಇವೆ. 2010ರಲ್ಲಿ ಮೊನಾಕೋದಿಂದ ಹೊರಟು 2012ರಲ್ಲಿ ಅಲ್ಲಿಗೇ ಮರಳಿದ, ಬರೀ ಬಿಸಿಲಿನಲ್ಲೇ ಭೂಮಿ ಸುತ್ತಿದ ‘ಪ್ಲಾನೆಟ್‌ಸೋಲಾರ್’ ಕೂಡ ಹಾಗೆಯೇ. ಅದರ ಮೈಮೇಲೆ 500 ಚದರ ಮೀಟರ್‌ಗಿಂತ ಜಾಸ್ತಿ ಪ್ಯಾನೆಲ್. ಇವಕ್ಕೆ ‘ಹೊದಿಸಿದ್ದಾರೆ’ ಅಂದರೆ ಸಾಕು, ಚಿತ್ರ ಕಣ್ಣಿಗೆ ಬರುತ್ತದೆ.

ಹಾಯಿ ಇರುವ ಕಟಮರಾನ್‌ನಲ್ಲಿ ಅಂಥ ಖಾಲಿ ಜಾಗ ಸಿಗುವುದಿಲ್ಲ. ಕೂವೆಮರ, ಹಗ್ಗಗಳು, ಹಾಯಿಯ ಅಡಿಯಂಚನ್ನು ಹಿಡಿಯುವ ಬೂಮ್, ಎಲ್ಲದರ ನೆರಳು ತಪ್ಪಿಸಿ ಜಾಗ ಹುಡುಕಬೇಕು. ಒಂದೊಂದು ಜಾಗದಲ್ಲೂ ಕೈ ಮಾಡುವ ಕೆಲಸ ಬೇರೆ. ಚುಕ್ಕಾಣಿ ಹಿಡಿಯುವವನ ತಲೆಯ ಮೇಲಿನ ಗಟ್ಟಿ ಚಪ್ಪರದ ಮೇಲಾದರೆ ಕಾಲುಗಳನ್ನಿಟ್ಟು, ಕೆಳಗೆ ಗಾಳಿಯಾಡುವಷ್ಟು ಸಂದು ಬಿಟ್ಟು, ಬೋಲ್ಟ್ ಬಿಗಿಯುತ್ತಾರೆ. ಅದನ್ನು ‘ಕೂರಿಸು’ ಅಂದಿದ್ದೇನೆ. ಪಕ್ಕದ ಕಂಬಿಗೆ ಹಿಂಜು ಹಾಕಿ, ಬೇಕಾದಾಗ ಎತ್ತಿ ಬೇಡವಾದಾಗ ಇಳಿಬಿಡುವುದಾದರೆ ‘ತೂಗುಹಾಕು’. ಬಾಗುವ ತೆಳು ಪ್ಯಾನೆಲನ್ನು ಅಟ್ಟದ ಮೈಗೇ ‘ಅಂಟಿಸು’.

ಅಂಟಿಸಿದ್ದಕ್ಕೂ ಕೂರಿಸಿದ್ದಕ್ಕೂ ಫಲದಲ್ಲೇ ವ್ಯತ್ಯಾಸವಿದೆ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಲೆಕ್ಕ ಸೆಲ್ (ಬಿಸಿಲನ್ನು ಕರೆಂಟ್ ಮಾಡುವ ಒಳಗಿನ ಬಿಲ್ಲೆ) 25 ಡಿಗ್ರಿ ಇದ್ದಾಗಿನದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.3ರಿಂದ 0.4 ಶೇಕಡಾ ಇಳಿಯುತ್ತದೆ. ಅಂಟಿಸಿದ್ದಕ್ಕೆ ಕೆಳಗೆ ಗಾಳಿ ಇಲ್ಲ, ಬೇಗ ಕಾಯುತ್ತದೆ. ಸೆಲ್ 60 ಡಿಗ್ರಿ ಮುಟ್ಟಿದರೆ ಹತ್ತು ಶೇಕಡಾಕ್ಕಿಂತ ಜಾಸ್ತಿ ಹೋಯಿತು. ಎರಡಕ್ಕೂ ‘ಅಳವಡಿಸಿ’ ಎಂದು ಬರೆದರೆ ಓದುಗನಿಗೆ ಈ ಸಂದಿನ ಸುಳಿವೇ ಸಿಗುವುದಿಲ್ಲ, ಅಲ್ವಾ?

ಇನ್ನು ಹಿಂಬದಿ. ಎರಡು ಒಡಲ ತುದಿಗಳ ನಡುವೆ ಮರಿದೋಣಿಯನ್ನು ಮೇಲೆತ್ತಿ ನೇತುಹಾಕುವ ಎರಡು ತೋಳುಗಳಿರುತ್ತವೆ. ನಾನು ‘ತೂಗುತೋಳು’ ಅಂದಿದ್ದೇನೆ. ಅವುಗಳ ಮೇಲೆ, ಅಥವಾ ಅಲ್ಲೇ ಕಟ್ಟಿದ ಸ್ಟೀಲ್ ಕಮಾನಿನ ಮೇಲೆ, ಪ್ಯಾನೆಲ್ ‘ಏರಿಸುತ್ತಾರೆ’. ನೆರಳು ಕಡಿಮೆ, ಹಾಗಾಗಿ ತುಂಬಾ ಜನ ಆರಿಸಿಕೊಳ್ಳುವ ಜಾಗ ಇದೇ. ಆದರೆ 400 ವ್ಯಾಟಿನ ಒಂದು ಗಟ್ಟಿ ಪ್ಯಾನೆಲ್ ಸುಮಾರು 20 ಕಿಲೋ. ನಾಲ್ಕು ಏರಿಸಿ, ಕಮಾನಿನ ತೂಕ ಸೇರಿಸಿ, ಕೆಳಗೆ ಮರಿದೋಣಿಯನ್ನೂ ತೂಗಿಬಿಟ್ಟರೆ ದೋಣಿಯ ಹಿಂಭಾಗ ನೀರಿಗೆ ಇಳಿಯುತ್ತದೆ. ಇದಕ್ಕೆ ಎತ್ತಿನ ಗಾಡಿಯವರ ‘ಹಿಂಭಾರ’ ಬಳಸಿದ್ದೇನೆ. ಗಾಡಿಗೆ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದಲ್ಲ, ಅದೇ ಲೆಕ್ಕ. ಮೀನುಗಾರರಲ್ಲಿ ಇದಕ್ಕೆ ಬೇರೆ ಪದ ಇದೆಯೇ?

ನೆರಳಿನ ವಿಷಯದಲ್ಲೂ ಒಂದು ಪ್ರಶ್ನೆ. ಮೋಡ ಬಂದರೆ ಇಡೀ ಪ್ಯಾನೆಲ್‌ಗೆ ಬೆಳಕು ಕಡಿಮೆಯಾಗುತ್ತದೆ, ಕರೆಂಟೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತದೆ. ಬೂಮಿನ ನೆರಳು ಹಾಗಲ್ಲ. ಒಳಗೆ ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಮೂರು ಗುಂಪು, ಗುಂಪಿಗೊಂದು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಗುಂಪನ್ನು ಬಿಟ್ಟು ಕರೆಂಟನ್ನು ಬಳಸುದಾರಿಯಲ್ಲಿ ಕಳಿಸುವ ಬಿಡಿಭಾಗ. ಒಂದು ಗುಂಪಿನ ಒಂದೇ ಸೆಲ್ಲನ್ನು ಗಾಢ ನೆರಳು ಮುಚ್ಚಿದರೂ ಆ ಗುಂಪು ಪೂರ್ತಿ ಹೋದ ಹಾಗೆ. ಮೂರಕ್ಕೂ ಅಡ್ಡ ಬಿದ್ದರೆ ಪ್ಯಾನೆಲ್ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ. ಅದಕ್ಕೇ ಲಂಗರು ಹಾಕಿದಾಗ ಬೂಮನ್ನು ಒಂದು ಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ಮೋಡದ್ದಕ್ಕೆ ‘ಮಬ್ಬು’, ಬೂಮಿನದಕ್ಕೆ ‘ನೆರಳು’ ಎಂದು ಬೇರೆ ಮಾಡಿದ್ದೇನೆ. ‘ಮರೆ’ ಅನ್ನೋದು ಇಲ್ಲಿ ಹೊಂದುತ್ತದೆಯೇ, ಹೇಳಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇದು. ಪ್ಯಾನೆಲ್ ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ಎರಡೂ ನೇರವಾಗಿ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಏಳುತ್ತದೆ, ತೂತು ಅಗಲವಾಗುತ್ತದೆ, ಒಂದು ದಿನ ಜೋರು ಗಾಳಿಗೆ ಪ್ಯಾನೆಲ್ ಹಾರಿಹೋಗಬಹುದು. ನಡುವೆ ನೈಲಾನ್ ವಾಷರ್ ಹಾಕಿ ಎರಡನ್ನೂ ದೂರ ಇಡಬೇಕು. ಈ ಬಿಳಿ ಪುಡಿಗೆ ಏನನ್ನುವುದು? ಕಬ್ಬಿಣಕ್ಕೆ ‘ತುಕ್ಕು’ ಇದೆ. ತಾಮ್ರ, ಹಿತ್ತಾಳೆ, ಕಂಚಿಗೆ ‘ಕಿಲುಬು’ ಇದೆ. ಎಷ್ಟು ಚೆಂದದ ವಿಂಗಡಣೆ! ಅಲ್ಯೂಮಿನಿಯಂ ತಡವಾಗಿ ಬಂದ ಲೋಹ, ಅದಕ್ಕೆ ನಮ್ಮಲ್ಲಿ ಪದ ನಿಂತಿಲ್ಲ. ‘ತುಕ್ಕು’ ಅಂದರೆ ಓದುಗ ಕೆಂಪು ಬಣ್ಣ ಹುಡುಕುತ್ತಾನೆ, ಬಿಳಿ ಪುಡಿಯನ್ನು ಒರೆಸಿ ಸುಮ್ಮನಾಗುತ್ತಾನೆ. ‘ಕಿಲುಬು’ ಅಂದರೆ ಹಸಿರು. ‘ಉಪ್ಪು ತಿನ್ನು’ ಅಂತ ಬರೆಯೋಣ ಅಂದುಕೊಂಡಿದ್ದೇನೆ: ‘ಚೌಕಟ್ಟನ್ನು ಉಪ್ಪು ತಿಂದಿದೆಯೇ ನೋಡಿ’. ಮಲ್ಪೆ, ಹೊನ್ನಾವರ, ಕಾರವಾರದ ಕಡೆ ಬೋಟ್ ರಿಪೇರಿ ಮಾಡುವವರು ಏನೋ ಒಂದು ಅನ್ನುತ್ತಲೇ ಇರುತ್ತಾರೆ. ಗೊತ್ತಿದ್ದವರು ಅವರ ಬಾಯಿಂದ ಬಂದ ಹಾಗೇ ಬರೆಯಿರಿ, ಕೊಂಕಣಿಯೋ ತುಳುವೋ ಆದರೂ ಪರವಾಗಿಲ್ಲ.

‘ಸೌರಫಲಕ’ ಯಾಕೆ ಬಳಸಿಲ್ಲ ಅಂತ ಕೇಳುವವರಿಗೆ: ಫಲಕ ಅಂದರೆ ನನಗೆ ಊರಿನ ಹೆಸರು ಬರೆದ ಬೋರ್ಡೇ ನೆನಪಾಗುತ್ತದೆ. ಬರೀ ‘ಸೋಲಾರ್’ ಅಂದರೆ ನಮ್ಮ ಕಡೆ ಬಿಸಿನೀರಿನ ಟ್ಯಾಂಕು. ಹಾಗಾಗಿ ‘ಸೋಲಾರ್ ಪ್ಯಾನೆಲ್’ ಅಂತ ಪೂರ್ತಿಯಾಗಿಯೇ ಬರೆದಿದ್ದೇನೆ. ಗಟ್ಟಿಯದಕ್ಕೆ ‘ಹಲಗೆ’, ಬಾಗುವುದಕ್ಕೆ ‘ಹಾಳೆ’ ಅನ್ನಬಹುದೇ ಎಂಬುದನ್ನೂ ಜೊತೆಗೆ ತಿಳಿಸಿ.