ಅಪ್‌ಡೇಟ್: ಲಂಡನ್‌ನಿಂದ ಕಾರಿಲ್ಲದೆ ಆಲ್ಫ್ರಿಸ್ಟನ್, ಒಂದೇ ದಿನದಲ್ಲಿ

ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ, ಸೌತ್ ಡೌನ್ಸ್ ಗುಡ್ಡಗಳ ಸೀಮೆಯ ಆಲ್ಫ್ರಿಸ್ಟನ್ ಹಳ್ಳಿಗೆ ಒಂದು ದಿನ ಸಾಕೇ ಅಂತ ಕೇಳಿದ್ದೆ. ಸಾಕು, ಬೆಳಿಗ್ಗೆ ಬೇಗ ಹೊರಟರೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಲಂಡನ್‌ನ ವಿಕ್ಟೋರಿಯಾ ಸ್ಟೇಷನ್‌ನಿಂದ ರೈಲು, ಲೂಯಿಸ್‌ನಲ್ಲಿ ಬದಲಾಯಿಸಿ ಬರ್ವಿಕ್‌ನಲ್ಲಿ ಇಳಿಯಬೇಕು. ಟಿಕೆಟ್ ತೆಗೆಯುವಾಗ ಹುಷಾರು: ಬರ್ವಿಕ್-ಅಪಾನ್-ಟ್ವೀಡ್ ಬೇರೆಯೇ ಊರು, ಸ್ಕಾಟ್ಲೆಂಡ್ ಗಡಿ ಹತ್ತಿರ! ಸ್ಟೇಷನ್‌ನಿಂದ ಹಳ್ಳಿಗೆ ಸುಮಾರು 5 ಕಿ.ಮೀ. ಬಸ್ಸು ನಂಬಿ ಹೋಗುವವರು ವಾಪಸ್ ಬರುವ ಬಸ್ಸಿನ ಸಮಯವನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ಹಳ್ಳಿಯಲ್ಲಿ ಮೊದಲು ಕ್ಲರ್ಜಿ ಹೌಸ್ (ಪಾದ್ರಿ ಮನೆ). 14ನೇ ಶತಮಾನದ, ಹುಲ್ಲು ಹೊದಿಸಿದ ಮರದ ಚೌಕಟ್ಟಿನ ಮನೆ. 1896ರಲ್ಲಿ ಹಳೆಯ ಕಟ್ಟಡ, ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಬರೀ 10 ಪೌಂಡಿಗೆ ಕೊಂಡದ್ದು, ಟ್ರಸ್ಟ್ ಕೊಂಡ ಮೊದಲ ಕಟ್ಟಡವೇ ಇದು. ಒಳಗೆ ಹೋದರೆ ನೆಲ ನೋಡಿ. ಸುಣ್ಣಕಲ್ಲಿನ ಪುಡಿಯನ್ನು ದಮ್ಮಸು ಹಾಕಿ, ಮೇಲೆ ಹುಳಿ ಹಾಲು ಸುರಿದು ಗಟ್ಟಿ ಮಾಡಿದ್ದು. ವಾರವಿಡೀ ತೆರೆದಿರುತ್ತದೆಂದು ಎಣಿಸಬೇಡಿ.

ಪಕ್ಕದ ದಿಬ್ಬದ ಮೇಲೆ ಸೇಂಟ್ ಆಂಡ್ರ್ಯೂಸ್ ಚರ್ಚು. ಹೊರಗೋಡೆಯ ಒಡೆದ ಚಕಮಕಿ ಕಲ್ಲನ್ನು ಹತ್ತಿರದಿಂದ ನೋಡಿ, ಗಾಜಿನಂತೆ ಹೊಳೆಯುತ್ತದೆ. ಹಳ್ಳಿಯ ಹಳೆಯ ವಸತಿಗೃಹ ಸ್ಟಾರ್ ಇನ್‌ನ ಮೂಲೆಯಲ್ಲಿರುವ ಕೆಂಪು ಸಿಂಹದ ಕೆತ್ತನೆ ಡಚ್ ಹಡಗಿನ ಮೂತಿಯಲ್ಲಿದ್ದದ್ದು ಅಂತಾರೆ.

ಸಮಯ ಮಿಕ್ಕರೆ ವಿಲ್ಮಿಂಗ್ಟನ್ ಗುಡ್ಡದ ಲಾಂಗ್ ಮ್ಯಾನ್: ಇಳಿಜಾರಿನ ಮೇಲೆ ಗೆರೆಯಲ್ಲಿ ಮೂಡಿಸಿದ 72 ಮೀಟರ್ ಉದ್ದದ ಮನುಷ್ಯಾಕೃತಿ. ಈಗಿನ ಗೆರೆ ಬಿಳಿ ಬಣ್ಣ ಬಳಿದ ಕಾಂಕ್ರೀಟ್ ಬ್ಲಾಕಿನದು, 1969ರದ್ದು. ಮಳೆ ಬಂದ ಮರುದಿನ ಬೇಡ. ದಾರಿಯ ಒದ್ದೆ ಸುಣ್ಣಕಲ್ಲು ಸೋಪಿನಂತೆ ಜಾರುತ್ತದೆ.