ಮೆಕಾಲಿ ಹಡಗನ್ನು ಮುಳುಗಿಸಿದ್ದು ಯಾರು? ಶತ್ರುವಿಮಾನಗಳೋ, ಸ್ವಪಕ್ಷದ ದೋಣಿಗಳೋ?

ಪ್ರಶ್ನೆ:

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ಸೈನಿಕ ಸಾಗಣೆ ಹಡಗಾಗಿದ್ದ ಯು.ಎಸ್.ಎಸ್. ಮೆಕಾಲಿ 1943ರ ಜೂನ್ 30ರಂದು ಸಾಲೊಮನ್ ದ್ವೀಪಗಳ ಬಳಿ ಮುಳುಗಿತು. ಜಪಾನೀ ವಿಮಾನಗಳು ಅದನ್ನು ಮುಳುಗಿಸಿದವೆಂದು ಕೆಲವೆಡೆ ಓದಿದೆ, ಅಮೆರಿಕದ್ದೇ ಪಿ.ಟಿ. ದೋಣಿಗಳ, ಅಂದರೆ ವೇಗದ ಸಣ್ಣ ಗಸ್ತುದೋಣಿಗಳ, ಟಾರ್ಪೆಡೊಗಳಿಂದ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರಗಳಿಂದ) ಮುಳುಗಿತೆಂದು ಮತ್ತೆ ಕೆಲವೆಡೆ ಇದೆ. ಇವೆರಡರಲ್ಲಿ ಯಾವುದು ಸರಿ? ಸೈನಿಕರನ್ನು ಇಳಿಸುವ ಪಡೆಯ ನಾಯಕರಾಗಿದ್ದ ರಿಯರ್ ಅಡ್ಮಿರಲ್ ಟರ್ನರ್ ಅವರ ಧ್ವಜನೌಕೆಯನ್ನೇ (ನಾಯಕನಿರುವ ಹಡಗನ್ನೇ) ಅವರ ಕಡೆಯವರು ಗುರುತಿಸದೆ ಹೋದದ್ದು ಹೇಗೆಂದು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ:

ಎರಡೂ ಸರಿ, ನಡುವೆ ನಾಲ್ಕೈದು ಗಂಟೆಗಳ ಅಂತರವಿದೆ. ಇಂಗ್ಲೆಂಡಿನಲ್ಲಿ 1928ರಲ್ಲಿ ನಿರ್ಮಾಣಗೊಂಡು ಗ್ರೇಸ್ ಲೈನ್ ಕಂಪನಿಯ ‘ಸಾಂಟಾ ಬಾರ್ಬರಾ’ ಎಂಬ ಪ್ರಯಾಣಿಕ ಹಡಗಾಗಿದ್ದ ಇದನ್ನು ನೌಕಾಪಡೆ 1940ರಲ್ಲಿ ಪಡೆದುಕೊಂಡು, ಮರೀನ್ ದಳದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಮೆಕಾಲಿ ಅವರ ಹೆಸರನ್ನಿಟ್ಟಿತು. 1942ರ ಆಗಸ್ಟ್ 7ರಂದು ಸಾಲೊಮನ್ ದ್ವೀಪಗಳಲ್ಲೊಂದಾದ ಗ್ವಾಡಲ್‌ಕೆನಾಲ್ ಮೇಲೆ ನಡೆದ ದಾಳಿಯಲ್ಲಿ ಟರ್ನರ್ ಇದೇ ಹಡಗಿನಿಂದ ಆಜ್ಞೆಗಳನ್ನು ನೀಡುತ್ತಿದ್ದರು.

1943ರ ಜೂನ್ 30ರಂದು ಸಾಲೊಮನ್ ದ್ವೀಪಗಳ ರೆಂಡೋವಾ ದ್ವೀಪದಲ್ಲಿ ಸುಮಾರು 1,100 ಸೈನಿಕರನ್ನೂ ಅವರ ಸಾಮಗ್ರಿಯನ್ನೂ ಇಳಿಸಿ ಹಿಂದಿರುಗುತ್ತಿದ್ದಾಗ, ಮಧ್ಯಾಹ್ನ ಸುಮಾರು 4 ಗಂಟೆಗೆ ಜಪಾನೀ ವಿಮಾನವೊಂದು ಬಿಟ್ಟ ಟಾರ್ಪೆಡೊ ಎಂಜಿನ್ ಕೋಣೆಗೆ ಬಡಿದು 15 ಮಂದಿ ಸತ್ತರು. ಟರ್ನರ್ ತಮ್ಮ ಸಿಬ್ಬಂದಿಯೊಡನೆ ಫಾರೆನ್‌ಹೋಲ್ಟ್ ಎಂಬ ಡೆಸ್ಟ್ರಾಯರಿಗೆ ಹೋದರು. ಹಡಗನ್ನು ಉಳಿಸಿಕೊಳ್ಳುವ ಯತ್ನದ ಹೊಣೆ ಹೊತ್ತು ಅದರಲ್ಲೇ ಉಳಿದವರು ರಿಯರ್ ಅಡ್ಮಿರಲ್ ವಿಲ್ಕಿನ್ಸನ್. ಲಿಬ್ರಾ ಎಂಬ ಸರಕುಹಡಗು ಅದನ್ನು ಎಳೆದೊಯ್ಯತೊಡಗಿತು. ಸಂಜೆ ಬಾಂಬರ್ ವಿಮಾನಗಳು ಮತ್ತೆ ಎರಗಿದಾಗ, ರಕ್ಷಣಾ ಕಾರ್ಯಕ್ಕೆಂದು ಉಳಿದಿದ್ದವರೇ ಫಿರಂಗಿಗಳ ಬಳಿ ನಿಂತು ಅವುಗಳನ್ನು ಎದುರಿಸಿದರು. ಈ ಪ್ರಸಂಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ. ನೀರು ಒಳನುಗ್ಗುತ್ತಲೇ ಇದ್ದುದರಿಂದ ಕೊನೆಗೆ ಎಲ್ಲರೂ ಹಡಗನ್ನು ಬಿಟ್ಟರು. ರಾತ್ರಿ 8 ಗಂಟೆ ಕಳೆದ ಮೇಲೆ ಮತ್ತೆ ಟಾರ್ಪೆಡೊಗಳು ಬಡಿದು, ಅದು ಅರ್ಧ ನಿಮಿಷದೊಳಗೆ ಮುಳುಗಿತು. ಜಪಾನೀ ಜಲಾಂತರ್ಗಾಮಿಯ ಕೆಲಸವಿದೆಂದು ಆಗ ಎಲ್ಲರೂ ನಂಬಿದ್ದರು, ಪಿ.ಟಿ. ದೋಣಿಗಳು ಹೊಡೆದದ್ದೆಂಬ ಸಂಗತಿ ತಿಳಿದದ್ದು ಮರುದಿನ.

ಎರಡನೆಯ ಉತ್ತರ:

ಹೇಗಾಯಿತೆಂಬ ಭಾಗಕ್ಕೆ ನನ್ನ ಉತ್ತರ ಇದು. ಆ ರಾತ್ರಿ ರೆಂಡೋವಾ ಬಳಿಯ ಬ್ಲಾಂಚ್ ಚಾನೆಲಿನಲ್ಲಿ ಸ್ವಪಕ್ಷದ ಹಡಗುಗಳು ಇರುವುದಿಲ್ಲವೆಂಬ ತಿಳಿವಳಿಕೆಯೊಡನೆ ಪಿ.ಟಿ. ದೋಣಿಗಳು ಗಸ್ತಿಗೆ ಹೊರಟಿದ್ದವು. ಮೆಕಾಲಿಗೆ ಹಾನಿಯಾಗದಿದ್ದರೆ ಆ ತಿಳಿವಳಿಕೆ ನಿಜವೇ ಆಗಿರುತ್ತಿತ್ತು. ಕತ್ತಲಲ್ಲಿ ಕಂಡ ದೊಡ್ಡ ಆಕಾರವನ್ನೂ ಅದರ ಸುತ್ತಲಿನ ಹಡಗುಗಳನ್ನೂ ಅವರು ಶತ್ರುಗಳೆಂದು ಭಾವಿಸಿದರು. ನಾವಿಕರ ಕಣ್ಣಿಗಿಂತ ಆಜ್ಞಾವ್ಯವಸ್ಥೆಯ ಲೋಪವೇ ಇಲ್ಲಿ ದೊಡ್ಡದು: ಈ ದೋಣಿಗಳು ನೇರವಾಗಿ ಟರ್ನರ್ ಅವರ ಅಧೀನದಲ್ಲಿರಲಿಲ್ಲ, ಹೀಗಾಗಿ ಎಳೆತದಿಂದಾದ ವಿಳಂಬದ ಸುದ್ದಿ ದೋಣಿಯವರಿಗೆ ಮುಟ್ಟಲಿಲ್ಲ. ಘಟನೆಯ ಬಳಿಕ ಆ ದೋಣಿಗಳನ್ನು ಟರ್ನರ್ ಅವರ ಆಜ್ಞೆಗೆ ಒಳಪಡಿಸಿ, ಪಿ.ಟಿ. ಪಡೆಯ ಸಂಪರ್ಕಾಧಿಕಾರಿಯೊಬ್ಬರನ್ನು ಅವರ ಬಳಿಯೇ ನಿಯೋಜಿಸಲಾಯಿತು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ 1942ರ ಆಗಸ್ಟಿನಲ್ಲಿ ಗ್ವಾಡಲ್‌ಕೆನಾಲ್ ಬಳಿಯ ಸಾವೋ ದ್ವೀಪದ ಕದನದ ಸೋಲಿನಲ್ಲಿಯೂ ಇಂತಹದೇ ಲೋಪವಿತ್ತೆನ್ನಬಹುದೇ? ಆ ರಾತ್ರಿಯ ಸಭೆ ನಡೆದದ್ದೂ ಮೆಕಾಲಿಯಲ್ಲೇ ಅಲ್ಲವೇ?

ಮೂರನೆಯ ಉತ್ತರ:

ಹೌದು, ಅಲ್ಲಿಯೇ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪಲಾರೆ. ವಿಮಾನವಾಹಕ ನೌಕೆಗಳನ್ನು ಹಿಂದೆಗೆದುಕೊಳ್ಳಲು ಅವುಗಳ ನಾಯಕ ಅಡ್ಮಿರಲ್ ಫ್ಲೆಚರ್ ನಿರ್ಧರಿಸಿದ್ದರಿಂದ, ಸರಕು ಇಳಿಸುವ ಕೆಲಸವನ್ನು ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಟರ್ನರ್ ಆಗಸ್ಟ್ 8ರ ರಾತ್ರಿ ಮರೀನ್ ಜನರಲ್ ವ್ಯಾಂಡೆಗ್ರಿಫ್ಟ್ ಅವರನ್ನೂ ಸಾಗಣೆ ಹಡಗುಗಳನ್ನು ಕಾಯುತ್ತಿದ್ದ ರಕ್ಷಣಾ ಪಡೆಯ ನಾಯಕ ಕ್ರಚ್ಲಿ ಅವರನ್ನೂ ಕರೆಸಿದರು. ಕ್ರಚ್ಲಿ ತಾವಿದ್ದ ‘ಆಸ್ಟ್ರೇಲಿಯಾ’ ಎಂಬ ಕ್ರೂಸರಿನಲ್ಲೇ (ಯುದ್ಧನೌಕೆಯಲ್ಲೇ) ಬಂದದ್ದರಿಂದ ಕಾವಲು ಪಡೆಗೆ ಆ ಹಡಗೂ ಪಡೆಯ ನಾಯಕರೂ ಇಲ್ಲದಾದರು. ಜಪಾನೀ ಅಡ್ಮಿರಲ್ ಮಿಕಾವಾ ಅವರ ಪಡೆ ನಡುರಾತ್ರಿಯ ನಂತರ ಎರಗಿ ನಾಲ್ಕು ಭಾರೀ ಕ್ರೂಸರುಗಳನ್ನು ನಾಶಮಾಡಿತು. ಇಲ್ಲಿ ಕೊರತೆಯಿದ್ದದ್ದು ಎಚ್ಚರಿಕೆಯಲ್ಲಿ: ಬೆಳಗ್ಗೆಯೇ ವಿಮಾನಗಳು ಕಂಡಿದ್ದ ಜಪಾನೀ ಹಡಗುಗಳ ಉದ್ದೇಶವನ್ನು ಟರ್ನರ್ ತಪ್ಪಾಗಿ ಊಹಿಸಿದ್ದರು. ಟರ್ನರ್ ಅವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಮಿಕಾವಾ ಸಾಗಣೆ ಹಡಗುಗಳನ್ನು ಮುಟ್ಟದೆ ಹಿಂದಿರುಗಿದ ಮೇಲೆ, ವಿಮಾನರಕ್ಷಣೆಯೇ ಇಲ್ಲದಿದ್ದರೂ ಟರ್ನರ್ ಆಗಸ್ಟ್ 9ರ ಹಗಲೆಲ್ಲ ಅಲ್ಲೇ ನಿಂತು ಆದಷ್ಟು ಆಹಾರವನ್ನೂ ಮದ್ದುಗುಂಡುಗಳನ್ನೂ ಇಳಿಸಿದ ನಂತರವೇ ಹೊರಟರು. ಮರೀನರು ಆಮೇಲೆ ದಿನಕ್ಕೆ ಎರಡೇ ಊಟದಲ್ಲಿ ಇರಬೇಕಾಯಿತು. ಆ ಹಗಲಿನ ಕೆಲಸ ನಡೆಯದಿದ್ದರೆ ಅವರ ಸ್ಥಿತಿ ಇನ್ನೂ ಕಷ್ಟವಾಗುತ್ತಿತ್ತು.