ಅತ್ತಿಗೆಯ ಜೀನ್ ರಿಪೋರ್ಟ್ ಬಗ್ಗೆ

ಅತ್ತಿಗೆ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಜೀನ್ ಟೆಸ್ಟ್ ರಿಪೋರ್ಟ್ ಈಗ ನೋಡಿದೆ. ಎಂಟಿಎಚ್‌ಎಫ್‌ಆರ್ 677 ಟಿಟಿ ಅಂತ ಕೆಂಪಕ್ಷರ, ಅದರ ಕೆಳಗೆ ಹಾರ್ಟ್ ಅಟ್ಯಾಕ್, ರಕ್ತ ಹೆಪ್ಪುಗಟ್ಟುವುದು ಅಂತ ಉದ್ದ ಪಟ್ಟಿ. ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಈ ವಾಯ್ಸ್ ಮೆಸೇಜು.

ಎಂಟಿಎಚ್‌ಎಫ್‌ಆರ್ ಅನ್ನುವುದು ಒಂದು ಕಿಣ್ವ. ಊಟದಿಂದ ಬರುವ ಫೋಲೇಟ್ ಅನ್ನುವ ಬಿ ವಿಟಮಿನ್ನನ್ನು ದೇಹಕ್ಕೆ ಬೇಕಾದ ರೂಪಕ್ಕೆ ತರುತ್ತದೆ. ಆ ಕೆಲಸ ನಿಧಾನವಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಏರುತ್ತದೆ. ಈ ಕಿಣ್ವ ಮಾಡಿಸುವ ನಿಮ್ಮ ಜೀನಿನ ಎರಡೂ ಪ್ರತಿಗಳಲ್ಲಿ 677ನೇ ಜಾಗದಲ್ಲಿ ಸಿ ಅನ್ನುವ ಡಿಎನ್‌ಎ ಅಕ್ಷರದ ಬದಲು ಟಿ ಇದೆ, ಅಷ್ಟೇ. ಆದರೆ ಅದರಿಂದ ಕಿಣ್ವ ಸ್ವಲ್ಪ ಸಡಿಲ. ಬಿ2 ವಿಟಮಿನ್ನಿನಿಂದ ಆಗುವ ಒಂದು ಜೊತೆಗಾರ ಅಣು ಅದಕ್ಕೆ ಅಂಟಿಕೊಂಡಿರಬೇಕು, ಅದು ಬೇಗ ಬಿಟ್ಟುಹೋಗುತ್ತದೆ. ಹಾಗಾಗಿ ವೇಗ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಲ್ಲುವುದಿಲ್ಲ, ನೆನಪಿರಲಿ. ಫೋಲೇಟ್, ಬಿ2 ಸಾಕಷ್ಟಿದ್ದರೆ ಈ ಕಿಣ್ವವೇ ಗಟ್ಟಿಯಾಗಿ ನಿಲ್ಲುತ್ತದೆ, ಹೋಮೋಸಿಸ್ಟೀನ್ ಕೂಡ ಅಷ್ಟೇನೂ ಏರುವುದಿಲ್ಲ. ರಿಪೋರ್ಟಿನವರು ಇದನ್ನೊಂದು ಸಾಲಿನಲ್ಲಾದರೂ ಬರೆಯಬಹುದಿತ್ತು, ಅಲ್ವಾ?

ಇನ್ನು ಹಾರ್ಟ್ ವಿಷಯ. ಹೋಮೋಸಿಸ್ಟೀನ್ ಜಾಸ್ತಿ ಇದ್ದವರಲ್ಲಿ ಹೃದಯದ ಕಾಯಿಲೆಯೂ ಜಾಸ್ತಿ ಕಂಡಿತ್ತು, ನಿಜ. ಸರಿ, ಅದನ್ನು ಇಳಿಸೋಣ ಅಂತ ಬಿ ವಿಟಮಿನ್ ಕೊಟ್ಟು ನೋಡಿದರು. 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಹೋಮೋಸಿಸ್ಟೀನ್ ಇಳಿಯಿತು, ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ! ರಕ್ತ ಹೆಪ್ಪುಗಟ್ಟುವ ತೊಂದರೆಗೆ ಕಾರಣ ಹುಡುಕಲು ಈ ಟೆಸ್ಟ್ ಬರೆಯಬೇಡಿ ಅಂತ ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಘವೇ 2013ರಲ್ಲಿ ಹೇಳಿತು. ಹಾಗಾಗಿ ನೀವು ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಅಷ್ಟೂ ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ ಹೋಮೋಸಿಸ್ಟೀನ್, ಬಿ12 ನೋಡಿಸಿ.

ನಾನು ಯೋಚಿಸುತ್ತಿರುವುದು ನಿಮ್ಮ ಮಗಳು ಪುಟ್ಟಿ ಬಗ್ಗೆ. ನಿಮ್ಮಲ್ಲಿ ಎರಡೂ ಟಿ ಅಂದಮೇಲೆ ಅವಳಿಗೆ ಒಂದಂತೂ ಬಂದೇ ಇರುತ್ತದೆ. ಮಗು ಬೇಕು ಅಂತ ಬೇರೆ ಹೇಳುತ್ತಿದ್ದಾಳೆ. ತಾಯಿಗೆ ಟಿಟಿ ಇದ್ದರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಅಪಾಯ ಸ್ವಲ್ಪ ಹೆಚ್ಚು. ಅದು ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನದೊಳಗೆ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಅಂದರೆ ಮಾತ್ರೆಯಲ್ಲಿ ಸಿಗುವ ಫೋಲೇಟ್, ಮುಂಚಿತವಾಗಿಯೇ ಶುರು ಮಾಡಬೇಕು. ಟಿ ಇರಲಿ ಬಿಡಲಿ, ಎಲ್ಲರಿಗೂ ಇದೇ ಸಲಹೆ. ದೇಹಕ್ಕೆ ಬೇಕಾದ ರೂಪದಲ್ಲೇ ಇರುವ ದುಬಾರಿ ಮೀಥೈಲ್‌ಫೋಲೇಟ್ ಮಾತ್ರೆಯೇ ಆಗಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಸಾಮಾನ್ಯ ಫೋಲಿಕ್ ಆಸಿಡ್ ಇಂಥವರ ದೇಹಕ್ಕೂ ಹತ್ತುತ್ತದೆ. ಪುಟ್ಟಿ ಇದನ್ನು ಕೇಳಿಸಿಕೊಂಡರೆ ಸಂಜೆ ನನಗೊಂದು ಫೋನ್ ಮಾಡಲಿ.